ಗುಣವಾಗದವನ ಸಾಕ್ಷಿ

ಮೊದಲು ಕಾಲು ಬಾತವು. ದಿನವಿಡೀ ಹೊಲಿಗೆ ಮಷಿನ್ ತುಳಿಯುವವನಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡೆ. ಆಮೇಲೆ ಮುಖವೂ ಬಾತಿತು, ಊಟ ಸೇರದಾಯಿತು, ರಾತ್ರಿ ಮಲಗಿದರೆ ಉಸಿರು ಸಿಗದೆ ಎದ್ದು ಕೂರುವಂತಾಯಿತು. ರಕ್ತ ತಪಾಸಣೆಯಲ್ಲಿ ಕ್ರಿಯಾಟಿನಿನ್ 11 ದಾಟಿತ್ತು. ಗೊತ್ತೇ ಆಗದೆ ಮೈಯಲ್ಲಿದ್ದ ಬಿಪಿ ಎರಡೂ ಕಿಡ್ನಿಗಳನ್ನು ಹಾಳು ಮಾಡಿದೆ ಎಂದರು ಡಾಕ್ಟರು.

ಅಂದಿನಿಂದ ವಾರಕ್ಕೆರಡು ಸಲ, ಸಲಕ್ಕೆ ನಾಲ್ಕು ತಾಸು ಡಯಾಲಿಸಿಸ್. ಎಡಗೈಯಲ್ಲಿ ಅಪಧಮನಿಗೂ ಅಭಿಧಮನಿಗೂ ಜೋಡಣೆ ಹಾಕಿ ಫಿಸ್ಟುಲಾ ಮಾಡಿದರು. ಅದು ಬಲಿಯಲು ಒಂದೂವರೆ ತಿಂಗಳಾದರೂ ಬೇಕು. ಅಲ್ಲಿಯವರೆಗೆ ಕುತ್ತಿಗೆಗೆ ಹಾಕಿದ ನಳಿಕೆಯಿಂದಲೇ ನಡೆಯಿತು. ಫಿಸ್ಟುಲಾ ಇರುವ ಕೈಯಲ್ಲಿ ಭಾರ ಎತ್ತಬಾರದು, ಬಿಪಿ ನೋಡಿಸಬಾರದು, ಆ ಕೈ ಮಗ್ಗುಲಿಗೆ ಮಲಗಬಾರದು. ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಎತ್ತುವ ಕೆಲಸ ಹೆಂಡತಿಯ ಪಾಲಿಗೆ ಹೋಯಿತು. ಎಳನೀರು, ಬಾಳೆಹಣ್ಣು ಬಂದ್. ಪೊಟ್ಯಾಸಿಯಂ ಏರಿದರೆ ಹೃದಯ ನಿಲ್ಲಬಹುದು. ಪಲ್ಯದ ಕಾಯಿಗಳನ್ನು ಮೊದಲು ಕುದಿಸಿ, ನೀರು ಬಸಿದು, ಆಮೇಲೆ ಒಗ್ಗರಣೆ.

ನಮ್ಮದು ಗದಗ-ಬೆಟಗೇರಿ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರು ಮುಂದೆ ನಮ್ಮೂರಿಗೂ ಬಂದರು. ಮುತ್ತಜ್ಜನ ಕಾಲದಿಂದ ನಾವು ಆ ಸಭೆಯವರು. ಮನೆಮನೆಯ ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವ ರೂಢಿ ಇದೆ. ಮಗನಿಗೆ ನೌಕರಿ ಸಿಕ್ಕಿತು, ಗಡ್ಡೆ ಕರಗಿತು, ಸಾಲ ತೀರಿತು, ಕರ್ತನಿಗೆ ಸ್ತೋತ್ರ. ನಾನೂ ಅಂಥ ಸಾಕ್ಷಿ ಹೇಳುತ್ತೇನೆಂದು ಎಲ್ಲರೂ ಕಾದರು. ತಿಂಗಳು ಕಳೆದವು. ನನ್ನ ಮೂತ್ರ ಕಡಿಮೆಯಾಗುತ್ತ ಬಂದು ಪೂರಾ ನಿಂತಿತೇ ಹೊರತು ಹೇಳುವಂಥದ್ದೇನೂ ಆಗಲಿಲ್ಲ.

ನೆಂಟರೊಬ್ಬರು ದೂರದೂರಿನಿಂದ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಹೊರಡುವಾಗ, “ದೇವರ ಮ್ಯಾಲೆ ವಿಶ್ವಾಸ ಐತಿ ಅಂತೀರಿ, ಮತ್ತ ಮಷಿನ್ನಿಗೆ ಕೈ ಕೊಡ್ತೀರಿ. ಎರಡರಾಗ ಒಂದು ಹಿಡೀರಿ,” ಎಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಡಯಾಲಿಸಿಸ್ ಇತ್ತು. ಹೋಗದಿದ್ದರೆ ಏನಾಗುತ್ತದೆಂದು ಗೊತ್ತಿತ್ತು. ಜಾತ್ರೆಗೆಂದು ಎರಡು ಸಲ ತಪ್ಪಿಸಿದ ರೋಣದ ಕಡೆಯ ರೈತರೊಬ್ಬರನ್ನು ಏದುಸಿರು ಬಿಡುತ್ತಿದ್ದಾಗ ಸ್ಟ್ರೆಚರಿನಲ್ಲಿ ತಂದದ್ದನ್ನು ಕಣ್ಣಾರೆ ನೋಡಿದ್ದೆ.

ಹೋದೆ. ಸೂಜಿ ಹಾಕುತ್ತಿದ್ದ ಟೆಕ್ನಿಷಿಯನ್ ಹುಡುಗನಿಗೆ ನೆಂಟರ ಮಾತು ಹೇಳಿದೆ. ಅವನು ವಾದ ಮಾಡಲಿಲ್ಲ, ತಾನು ಓದಿದ ಕತೆ ಹೇಳಿದ. ಈ ಯಂತ್ರವನ್ನು ಮೊದಲು ಕಟ್ಟಿದವರು ನೆದರ್‌ಲ್ಯಾಂಡ್ಸ್‌ನ ವೈದ್ಯ ವಿಲೆಮ್ ಕೋಲ್ಫ್, 1943ರಲ್ಲಿ, ದೇಶ ನಾಜಿಗಳ ಕೈಯಲ್ಲಿದ್ದಾಗ. ಸಾಮಾನು ಸಿಗದ ಕಾಲ. ಸಾಸೇಜಿಗೆ ಮಾಂಸ ತುಂಬಲು ಬಳಸುವ ಸೆಲ್ಲೋಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ ಅದರೊಳಗೆ ರಕ್ತ ಹರಿಸಿದರು. ಒಬ್ಬರಾದ ಮೇಲೆ ಒಬ್ಬರು ರೋಗಿಗಳು ತೀರಿಕೊಂಡರು. ಯಂತ್ರದಿಂದ ಜೀವ ಉಳಿದ ಮೊದಲ ರೋಗಿ 67 ವರ್ಷದ ಹೆಂಗಸು, 1945ರಲ್ಲಿ. ಆಕೆ ನಾಜಿಗಳ ಪರ ಇದ್ದವಳೆಂದು ಸೆರೆಯಲ್ಲಿದ್ದವಳು. ಕೋಲ್ಫ್ ನಾಜಿಗಳನ್ನು ವಿರೋಧಿಸಿದವರು. ಆದರೂ ಚಿಕಿತ್ಸೆ ಮಾಡಿದರು.

ವೈರಿಯನ್ನು ಪ್ರೀತಿಸಿರಿ ಎಂಬ ಬೋಧನೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದರ ಫಲ ನನ್ನ ಮಗ್ಗುಲಲ್ಲೇ ನಿಂತು ನನ್ನ ರಕ್ತ ಸೋಸುತ್ತಿತ್ತು. ಪ್ರಾರ್ಥಿಸಿಯೂ ಗುಣವಾಗದೆ ಹೋದವರ ದೊಡ್ಡ ಸಾಲೊಂದು ಈ ಯಂತ್ರದ ಹಿಂದಿದೆ. ಅವರಿಂದಾಗಿ ನಾನು ಉಸಿರಾಡುತ್ತಿದ್ದೇನೆ. ಅಂದಿನಿಂದ ಮಷಿನ್ನಿಗೆ ಕೈ ಕೊಡುವುದೂ ದೇವರಿಗೆ ಕೈ ಕೊಡುವುದೂ ನನಗೆ ಬೇರೆಬೇರೆಯಾಗಿ ಕಂಡಿಲ್ಲ.

ಸೂಜಿಯನ್ನಾದರೂ ತಡೆಯಬಹುದು, ಬಾಯಾರಿಕೆ ತಡೆಯಲಾಗದು. ಚಹಾ, ಸಾರು, ಗುಳಿಗೆ ನುಂಗುವ ಗುಟುಕು ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರ್. ಕುಡಿದದ್ದು ಹೊರಗೆ ಹೋಗುವ ದಾರಿಯಿಲ್ಲ, ತೂಕವಾಗಿ ನಿಲ್ಲುತ್ತದೆ. ಯಂತ್ರ ಹೆಚ್ಚು ನೀರು ಎಳೆದ ದಿನ ಕಾಲಿನ ಮೀನಖಂಡ ಸೆಟೆದು ಕಿರುಚುವಂತಾಗುತ್ತದೆ. ಏಪ್ರಿಲ್ ಬಿಸಿಲಿಗೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಪಕ್ಕದ ಹಾಸಿಗೆಯ ಲಾರಿ ಡ್ರೈವರ್ ಸಾಹೇಬರು ಉಪಾಯ ಹೇಳಿಕೊಟ್ಟರು: “ಟೇಲರಣ್ಣಾ, ನೀರು ಕುಡೀಬ್ಯಾಡ. ಲಿಂಬಿಹಣ್ಣಿನ ಸಣ್ಣ ಹೋಳು ನಾಲಿಗಿ ಮ್ಯಾಲ ಇಟ್ಕೊ.”

ಶುಭ ಶುಕ್ರವಾರ ನಮ್ಮಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಆರಾಧನೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಧ್ಯಾನಿಸುತ್ತಾರೆ. ಐದನೆಯದು ದಾಹದ ಮಾತು. ಪ್ರತಿ ವರ್ಷ ಅದು ನನ್ನ ಕಿವಿ ಸವರಿ ಹೋಗುತ್ತಿತ್ತು. ಆ ವರ್ಷ ಸಭೆಯ ಅಯ್ಯನವರು ಸುವಾರ್ತೆಗಳಿಂದ ಒಂದು ಸಂಗತಿ ತೋರಿಸಿದರು. ಶಿಲುಬೆಗೆ ಏರಿಸುವ ಮುಂಚೆ ರಕ್ತಬೋಳ ಬೆರೆಸಿದ ದ್ರಾಕ್ಷಾರಸ ಕೊಟ್ಟಾಗ ಆತ ಕುಡಿಯಲಿಲ್ಲ. ಕೊನೆಯಲ್ಲಿ ತನಗೆ ಬಾಯಾರಿದೆ ಎಂದು ತಾನಾಗಿಯೇ ಹೇಳಿದ, ಸಿಪಾಯಿಗಳ ಹುಳಿರಸವನ್ನು ತೆಗೆದುಕೊಂಡ. ಲೋಕಕ್ಕೆ ಜೀವಜಲ ಕೊಡುತ್ತೇನೆಂದವನು ತನ್ನನ್ನು ಕೊಲ್ಲುವವರ ಮುಂದೆ ಬಾಯಾರಿಕೆ ಹೇಳಿಕೊಂಡ.

ನಾನು ಯಾರ ಮುಂದೆಯೂ ಏನನ್ನೂ ಹೇಳಿಕೊಂಡವನಲ್ಲ. ಅದನ್ನೇ ವಿಶ್ವಾಸವೆಂದು ತಿಳಿದಿದ್ದೆ. “ಕೇಳಿದ್ರ ಏನು ಸಣ್ಣಾಂವ ಆಗ್ತೀರಿ?” ಎಂದು ಹೆಂಡತಿ ಎಷ್ಟೋ ಸಲ ಅಂದಿದ್ದಳು. ಆ ವಾರ ಪಕ್ಕದ ಅಂಗಡಿಯ ಟೇಲರ್‌ಗೆ ಮದುವೆ ಸೀಸನ್ನಿನ ಅರ್ಧ ಬ್ಲೌಸ್‌ಗಳನ್ನು ಹೊಲಿದು ಕೊಡು ಎಂದು ಕೇಳಿದೆ. ಸಭೆಯ ಹುಡುಗನಿಗೆ ಡಯಾಲಿಸಿಸ್ ಮುಗಿದ ಮೇಲೆ ಗಾಡಿಯಲ್ಲಿ ಮನೆ ಮುಟ್ಟಿಸು ಎಂದೆ. ಇಬ್ಬರೂ ಒಲ್ಲೆ ಅನ್ನಲಿಲ್ಲ.

ಹೆಂಡತಿಗೆ ಸಕ್ಕರೆ ಕಾಯಿಲೆ, ಕಸಿಗೆ ಅವಳ ಕಿಡ್ನಿ ಆಗದು ಎಂದರು ಡಾಕ್ಟರು. ಮೃತ ದಾನಿಗಳ ಅಂಗಾಂಗ ಹಂಚುವ ರಾಜ್ಯದ ‘ಜೀವಸಾರ್ಥಕತೆ’ ಪಟ್ಟಿಯಲ್ಲಿ ಹೆಸರು ಬರೆಸಿದ್ದೇನೆ. ಬೇಗ ಸಿಗಲೆಂದು ಪ್ರಾರ್ಥಿಸೋಣ ಎನ್ನುತ್ತಾರೆ ಸಭೆಯವರು. ನನಗೆ ಆ ಪ್ರಾರ್ಥನೆ ಬಾಯಿಗೆ ಬರುವುದಿಲ್ಲ. ನನಗೆ ಕಿಡ್ನಿ ಸಿಗುವ ದಿನ ಇನ್ನೊಬ್ಬರ ಮನೆಯಲ್ಲಿ ಸಾವಾಗಿರುತ್ತದೆ. ಆ ಮನೆಯವರನ್ನು ದೇವರು ಸಂತೈಸಲಿ, ಅವರು ಕೊಡುವುದನ್ನು ಕೈಯೊಡ್ಡಿ ತೆಗೆದುಕೊಳ್ಳುವ ಮನಸ್ಸು ನನಗಿರಲಿ ಎಂದಷ್ಟೇ ಕೇಳುತ್ತೇನೆ. ಕೂಟದಲ್ಲಿ ನನ್ನ ಸರದಿ ಬಂದಾಗ ಈಗ ಎದ್ದು ನಿಂತು ಇದನ್ನೇ ಹೇಳುತ್ತೇನೆ.