ಬೆಕ್ಕಿನ ಮೇಲಿನ ಆಪಾದನೆ

ಬೆಕ್ಕು ಸಾಕಿದ ಮನೆಯಲ್ಲಿ ನ್ಯಾಯಾಲಯವೊಂದು ಸದಾ ತೆರೆದೇ ಇರುತ್ತದೆ. ಹಾಲಿನ ಕೆನೆ ಮಾಯವಾದರೂ, ಹೂದಾನಿ ಉರುಳಿಬಿದ್ದರೂ ಆಪಾದಿತ ಒಬ್ಬನೇ. ಸಾಕ್ಷಿಗಳು ಹಲವರು, ವಕೀಲನಿಲ್ಲ. ಇಂಥ ಚಿಲ್ಲರೆ ಮೊಕದ್ದಮೆಗಳಿಂದ ಯಾರಿಗೂ ಹೆಚ್ಚಿನ ನಷ್ಟವಿಲ್ಲ. ಆದರೆ ಶುಚಿತ್ವಕ್ಕೆ ಹೆಸರಾದ ಬೆಕ್ಕು ಒಂದು ದಿನ ತನ್ನ ಮರಳಿನ ತಟ್ಟೆಯನ್ನು ಬಿಟ್ಟು ಬಚ್ಚಲಿನ ತಣ್ಣನೆಯ ನೆಲದ ಮೇಲೋ, ಮಡಿಸಿಟ್ಟ ಹಾಸಿಗೆಯ ಮೇಲೋ ಕುಳಿತಾಗ ನಡೆಯುವ ವಿಚಾರಣೆ ಬೇರೆ ತೆರನಾದುದು. ಅಲ್ಲಿ ತೀರ್ಪು ತಪ್ಪಿದರೆ ಒಂದು ಜೀವವೇ ಹೋಗಬಹುದು.

ಹಿತ್ತಿಲು ಇದ್ದ ಕಾಲದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಬೆಕ್ಕಿನ ಪೂರ್ವಜರು ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಗಳ ಒಣನೆಲದ ಕಾಡುಬೆಕ್ಕುಗಳು. ಸಡಿಲವಾದ ಮಣ್ಣನ್ನು ಕೆದಕಿ, ಕೆಲಸ ಮುಗಿಸಿ, ಮುಚ್ಚಿ ಹೋಗುವುದು ಅವುಗಳ ಕುಲಾಚಾರ. ಮನುಷ್ಯ ಮಹಡಿಯ ಮೇಲೆ ಮಹಡಿ ಕಟ್ಟಿ ವಾಸಿಸತೊಡಗಿದಾಗ ಈ ಆಚಾರಕ್ಕೆ ಮಣ್ಣನ್ನೇ ಮನೆಯೊಳಗೆ ತರಬೇಕಾಯಿತು. 1947ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಎಡ್ವರ್ಡ್ ಲೋ ಎಂಬಾತ ನೆರೆಮನೆಯ ಹೆಂಗಸಿಗೆ ಮರಳಿನ ಬದಲು ತೇವ ಹೀರುವ ಜೇಡಿಮಣ್ಣಿನ ಹರಳುಗಳನ್ನು ಕೊಟ್ಟನು. ಅದೇ ಮುಂದೆ ದೊಡ್ಡ ವ್ಯಾಪಾರವಾಗಿ, ಇಂದು ನಮ್ಮ ನಗರದ ಅಂಗಡಿಗಳಲ್ಲಿಯೂ ಚೀಲಗಳಲ್ಲಿ ದೊರೆಯುತ್ತದೆ.

ಬೆಂಗಳೂರಿನ ಬಹುಮಹಡಿಯ ಮನೆಯೊಂದರಲ್ಲಿ ನಾಲ್ಕು ವರ್ಷದ ಗಂಡು ಬೆಕ್ಕೊಂದು ಹೀಗೆ ಆಪಾದನೆಗೆ ಗುರಿಯಾಯಿತು. ಬೆಳಗಿನಿಂದ ಅದು ಹತ್ತಾರು ಸಲ ತಟ್ಟೆಗೆ ಹೋಗಿ, ಬೆನ್ನು ಬಾಗಿಸಿ, ಮುಕ್ಕರಿದು, ಹೊರಬಂದು, ಮತ್ತೆ ಬಚ್ಚಲಿಗೆ ಓಡುತ್ತಿತ್ತು. ನಡುನಡುವೆ ಕುಳಿತು ಹಿಂಭಾಗವನ್ನು ನೆಕ್ಕಿಕೊಳ್ಳುತ್ತಿತ್ತು. ಮನೆಯವರೆಲ್ಲ ತಮ್ಮ ತಮ್ಮ ತೀರ್ಪನ್ನು ಕೊಟ್ಟರು. ಹೊಸ ಸೋಫಾದ ಮೇಲೆ ಕೂರಲು ಬಿಡದಿದ್ದುದಕ್ಕೆ ಸೇಡು ಎಂದರು ಯಜಮಾನರು. ಅಪ್ಪ ತಂದ ಸುಗಂಧದ ಮರಳು ಅದಕ್ಕೆ ಹಿಡಿಸಲಿಲ್ಲ ಎಂದ ಮಗ. ಅಜ್ಜಿಗೆ ಅನುಭವದ ಬಲವಿತ್ತು.

“ಮಲಬದ್ಧತೆ ಕಣಮ್ಮ. ಒಂದು ಚಮಚ ಹರಳೆಣ್ಣೆ ಕುಡಿಸು, ಸಂಜೆಯೊಳಗೆ ಸರಿಹೋಗುತ್ತದೆ” ಎಂದರು ಸೊಸೆಗೆ.

ಸೊಸೆ ಉತ್ತರಿಸದೆ ತಟ್ಟೆಯ ಮುಂದೆ ಕುಳಿತಳು. ಆ ಮನೆಯಲ್ಲಿ ದಿನವೂ ಮರಳು ಶುಚಿಮಾಡುವ ಕೈ ಅವಳದು. ದಿನಕ್ಕೆ ಎರಡು ಮೂರು ಒದ್ದೆ ಗಡ್ಡೆಗಳು ಸಿಕ್ಕುವುದು ವಾಡಿಕೆ. ಅವುಗಳ ಗಾತ್ರವೂ ಅವಳಿಗೆ ಗೊತ್ತು.

“ಅತ್ತೆ, ಇಲ್ಲಿ ನೋಡಿ. ರಾತ್ರಿ ನಾನು ಹಾಕಿದ ಮರಳು ಹಾಗೆಯೇ ಒಣಗಿಕೊಂಡಿದೆ. ಇದು ಹೊಟ್ಟೆಯದಲ್ಲ, ಮೂತ್ರದ್ದು.”

ಅಜ್ಜಿ ಬಗ್ಗಿ ನೋಡಿದರು. ಹರಳೆಣ್ಣೆಯ ಸೀಸೆ ಕಪಾಟಿಗೆ ಹಿಂದಿರುಗಿತು. ಅರ್ಧ ಗಂಟೆಯೊಳಗೆ ಬೆಕ್ಕು ಬುಟ್ಟಿಯಲ್ಲಿ ಕುಳಿತು ಪಶುವೈದ್ಯರ ಬಳಿಗೆ ಹೊರಟಿತು.

ವೈದ್ಯರು ಹೊಟ್ಟೆಯ ಮೇಲೆ ಕೈಯಿಟ್ಟೊಡನೆ ಸಂಗತಿ ತಿಳಿಯಿತು. ಮೂತ್ರಕೋಶ ಕಿತ್ತಳೆಹಣ್ಣಿನಂತೆ ತುಂಬಿ ಗಟ್ಟಿಯಾಗಿತ್ತು. ಗಂಡು ಬೆಕ್ಕಿನ ಮೂತ್ರನಾಳ ಉದ್ದ. ತುದಿಯ ಕಡೆಗೆ ಬಹಳ ಕಿರಿದು. ಲೋಳೆಯೂ ಸಣ್ಣ ಹರಳುಗಳೂ ಕೂಡಿ ಬಿರಡೆಯಂತೆ ಕಟ್ಟಿಕೊಂಡರೆ ಒಂದು ಹನಿಯೂ ಹೊರಬರದು. ಒಂದೆರಡು ದಿನಗಳಲ್ಲೇ ಮೂತ್ರಪಿಂಡಗಳು ಸೋಲುತ್ತವೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ನಿಲ್ಲಬಹುದು. ಹೆಣ್ಣು ಬೆಕ್ಕಿನ ನಾಳ ಗಿಡ್ಡವೂ ಅಗಲವೂ ಆಗಿರುವುದರಿಂದ ಈ ವಿಪತ್ತು ಅಪರೂಪ. ಬೆಕ್ಕಿಗೆ ಮಂಪರು ಬರಿಸಿ, ಸಣ್ಣ ಕೊಳವೆಯನ್ನು ಸೇರಿಸಿ ಅಡಚಣೆಯನ್ನು ತೆಗೆದರು. ಮೂರು ದಿನ ಅದು ಆಸ್ಪತ್ರೆಯಲ್ಲಿಯೇ ಉಳಿಯಿತು.

ಪ್ರಾಣವೇನೋ ಉಳಿಯಿತು, ಕಾರಣ ಯಾವುದು? ಈ ಪ್ರಶ್ನೆಗೆ ವಿದ್ವಾಂಸರೇ ಹಲವು ದಶಕ ತಡಕಾಡಿದ್ದಾರೆ. ಒಂದು ಕಾಲದಲ್ಲಿ ಒಣ ಆಹಾರದಲ್ಲಿನ ಮೆಗ್ನೀಸಿಯಂ ಅಂಶವೇ ಅಪರಾಧಿ ಎಂದು ನಿರ್ಣಯವಾಯಿತು. ತಯಾರಕರು ಅದನ್ನು ತಗ್ಗಿಸಿ, ಮೂತ್ರವನ್ನು ಆಮ್ಲೀಯವಾಗಿಸುವ ಆಹಾರವನ್ನು ಹೊರತಂದರು. ಸ್ಟ್ರೂವೈಟ್ ಎಂಬ ಜಾತಿಯ ಕಲ್ಲುಗಳು ಕಡಿಮೆಯಾದವು. ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಇನ್ನೊಂದು ಜಾತಿಯವು ಹೆಚ್ಚಿದವು. ಇನ್ನೂ ಸೋಜಿಗವೆಂದರೆ, ನೋವಿನಿಂದ ಮುಕ್ಕರಿಯುವ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕಲ್ಲೂ ಇಲ್ಲ, ಸೋಂಕೂ ಇಲ್ಲ. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯದ ಪಶುವೈದ್ಯ ವಿಜ್ಞಾನಿ ಟೋನಿ ಬಫಿಂಗ್‌ಟನ್ ಇಂಥ ಬೆಕ್ಕುಗಳನ್ನು ಬಹುಕಾಲ ಅಭ್ಯಸಿಸಿದರು. ಭಯ, ಬೇಸರ, ಮನೆಯ ದಿನಚರಿಯ ಏರುಪೇರುಗಳು ಇವುಗಳ ಮೂತ್ರಕೋಶದಲ್ಲಿ ಉರಿಯಾಗಿ ತೋರಿಕೊಳ್ಳುತ್ತವೆಂದು ಅವರು ಕಂಡರು. 2011ರಲ್ಲಿ ಈ ಬಾಧೆಗೆ ಅವರು ಸೂಚಿಸಿದ ಹೆಸರು ‘ಪಂಡೋರ ಲಕ್ಷಣಕೂಟ’. ಗ್ರೀಕರ ಪುರಾಣದಲ್ಲಿ ಲೋಕದ ಕಷ್ಟಗಳೆಲ್ಲ ಪಂಡೋರ ತೆರೆದ ಪಾತ್ರೆಯಿಂದಲೇ ಹೊರಬಂದವಲ್ಲವೆ? ಹಾಗೆ ಒಂದೇ ಬೆಕ್ಕಿನಲ್ಲಿ ಹಲವು ತೊಂದರೆಗಳು ಕೂಡಿರುತ್ತವೆಂಬುದು ಅದರ ಇಂಗಿತ.

ಈ ಬೆಳಕಿನಲ್ಲಿ ನೋಡಿದರೆ ಆ ಮನೆಯವರ ತೀರ್ಪುಗಳಲ್ಲಿಯೂ ಒಂದೊಂದು ತುಣುಕು ಸತ್ಯವಿತ್ತು. ಸೋಫಾ ಬಂದದ್ದು ದೀಪಾವಳಿಯ ವಾರದಲ್ಲಿ. ಆಗ ಪಟಾಕಿಯ ಸದ್ದು, ಗೋಡೆಗಳಿಗೆ ಹೊಸ ಬಣ್ಣ, ಮನೆತುಂಬ ನೆಂಟರು. ಅದು ಸೇಡು ತೀರಿಸಿಕೊಳ್ಳಲಿಲ್ಲ, ಹೆದರಿತ್ತು. ಸುಗಂಧದ ಮರಳು ಸೂಕ್ಷ್ಮ ಘ್ರಾಣದ ಪ್ರಾಣಿಗೆ ಹಿಂಸೆಯೇ ಸರಿ. ಜೊತೆಗೆ ಮೂರು ಹೊತ್ತೂ ಒಣ ಆಹಾರ; ನೀರು ಕುಡಿಯುವುದೋ ಅತ್ಯಲ್ಪ. ಅಜ್ಜಿಯ ಊಹೆಯೂ ಅಸಂಬದ್ಧವಲ್ಲ. ಮಲಬದ್ಧತೆಯ ಬೆಕ್ಕೂ ಹೀಗೆಯೇ ಮುಕ್ಕರಿಯುತ್ತದೆ. ಮುದಿಬೆಕ್ಕಾದರೆ ಕೀಲುನೋವಿನಿಂದ ತಟ್ಟೆಯ ಎತ್ತರದ ಅಂಚನ್ನು ದಾಟಲಾರದೆ ಹೊರಗೆ ಕುಳಿತೀತು. ಇವನ್ನೆಲ್ಲ ಬೇರ್ಪಡಿಸಲು ಮನೆಯಲ್ಲಿ ಮೊದಲು ನೋಡಬೇಕಾದದ್ದು: ಮರಳು ಒದ್ದೆಯೋ, ಒಣವೋ?

ವೈದ್ಯರು ಹೇಳಿದ ಪಥ್ಯ ಕಷ್ಟದ್ದಲ್ಲ. ನೀರಿನಂಶ ಹೆಚ್ಚಿರುವ ಮೆತ್ತನೆಯ ಆಹಾರ, ಎರಡು ಮೂರು ಕಡೆ ಶುದ್ಧ ನೀರಿನ ಬಟ್ಟಲು, ವಾಸನೆಯಿಲ್ಲದ ನುಣುಪಾದ ಮರಳು, ಒಂದು ಬೆಕ್ಕಿಗೆ ಎರಡು ತಟ್ಟೆ, ಗದ್ದಲವಿಲ್ಲದ ಮೂಲೆಯಲ್ಲಿ, ದಿನವೂ ಶುಚಿ, ಹೆದರಿದಾಗ ಅಡಗಲು ಒಂದು ಪೆಟ್ಟಿಗೆ, ಆಡಲು ಸ್ವಲ್ಪ ಹೊತ್ತು. ನಿಷೇಧ ಮುಖ್ಯವಾಗಿ ಒಂದು: ಮನುಷ್ಯರ ನೋವಿನ ಮಾತ್ರೆಗಳನ್ನು ಎಂದಿಗೂ ಕೊಡಕೂಡದು. ನಮಗೆ ಸಾಧುವಾದ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.

ಬೆಕ್ಕು ತನ್ನ ನೋವನ್ನು ಮುಚ್ಚಿಡುವ ಜೀವಿ. ಅದು ನರಳಿ ಹೇಳುವುದಿಲ್ಲ. ಜಾಗ ಬದಲಿಸಿ ಹೇಳುತ್ತದೆ. ಗದರಿಸಿದರೆ ಮುಂದಿನ ಸಲ ಮಂಚದ ಕೆಳಗೆ ಹೋಗಿ ಕುಳಿತೀತು, ಆಗ ಆ ಸೂಚನೆಯೂ ತಪ್ಪಿಹೋದೀತು. ಗಂಡು ಬೆಕ್ಕು ತಟ್ಟೆಗೆ ಹೋಗಿ ಹೋಗಿ ಬರಿದೆ ಮರಳುತ್ತಿದ್ದರೆ ನಾಳೆ ನೋಡೋಣವೆನ್ನುವಂತಿಲ್ಲ. ಅದು ರಾತ್ರಿಯಾದರೂ, ಭಾನುವಾರವಾದರೂ ವೈದ್ಯರ ಬಾಗಿಲು ತಟ್ಟಬೇಕಾದ ಹೊತ್ತು.