ಮನೆಯಲ್ಲೇ ದೇವರು ಕೇಳಿಸಿಕೊಳ್ಳುವಾಗ ಕೂಡಿ ಪ್ರಾರ್ಥಿಸುವುದು ಯಾಕೆ?

ನಮ್ಮ ಕಡೆಯ ಹುಡುಗರು ಈಚೆಗೆ ಒಂದು ಪ್ರಶ್ನೆ ಕೇಳುತ್ತಾರೆ. ದೇವರು ಎಲ್ಲ ಕಡೆ ಇದ್ದಾನೆ ಅಂತ ಹಿರಿಯರೇ ಹೇಳುತ್ತಾರೆ. ಮನೆಯಲ್ಲಿ ಕೂತು ಪ್ರಾರ್ಥನೆ ಮಾಡಿದರೂ ಅವನು ಕೇಳಿಸಿಕೊಳ್ಳುತ್ತಾನೆ. ಪ್ರಸಂಗ ಬೇಕೆಂದರೆ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ಹಾಗಿರುವಾಗ ದಿನವಿಡೀ ಹೊಲದಲ್ಲಿ ದುಡಿದು ಬಂದು, ರಾತ್ರಿ ಎಂಟು ಗಂಟೆಗೆ ಇನ್ನೊಬ್ಬರ ಮನೆಗೆ ಹೋಗಿ ಚಾಪೆಯ ಮೇಲೆ ಕೂಡಬೇಕು ಯಾಕೆ?

ಪ್ರಶ್ನೆ ಸುಮ್ಮನೆ ತಳ್ಳಿ ಹಾಕುವಂಥದ್ದಲ್ಲ. ಮತ್ತಾಯನ ಸುವಾರ್ತೆಯಲ್ಲೇ ಇದಕ್ಕೆ ಆಧಾರ ಇದೆ. 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ, ಪ್ರಾರ್ಥನೆ ಮಾಡುವಾಗ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಲು ಹೇಳುತ್ತಾನೆ. ಜನ ನೋಡಲಿ ಅಂತ ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನು ಅವನು ಮೆಚ್ಚುವುದಿಲ್ಲ. ಆದರೆ ಅದೇ ಸುವಾರ್ತೆಯ 18ನೇ ಅಧ್ಯಾಯದಲ್ಲಿ, ತನ್ನ ಹೆಸರಿನಲ್ಲಿ ಇಬ್ಬರು ಮೂವರು ಸೇರಿದ ಕಡೆ ತಾನೂ ಇರುವುದಾಗಿ ಮಾತು ಕೊಡುತ್ತಾನೆ.

ಎರಡೂ ಒಬ್ಬನೇ ಹೇಳಿದ ಮಾತು. ಬಾಗಿಲು ಹಾಕಿಕೊಂಡು ಮಾಡುವ ಪ್ರಾರ್ಥನೆಯ ಬೆಲೆಯನ್ನು ಯಾರಿಗೂ ವಿವರಿಸಬೇಕಿಲ್ಲ. ಕೂಡಿ ಮಾಡುವ ಪ್ರಾರ್ಥನೆಯ ಬೆಲೆ ಏನು ಎಂಬುದನ್ನು ನಾವು ಕಂಡಷ್ಟು ಇಲ್ಲಿ ಬರೆಯುತ್ತಿದ್ದೇವೆ.

ನಾವು ಗದಗ ಸೀಮೆಯ ಒಂದು ಹಳ್ಳಿಯ ಸಿಎಸ್ಐ ಸಭೆಯಲ್ಲಿ ಬೆಳೆದವರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿಂದ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಗೆ ಅವರ ಕೆಲಸ ಹಬ್ಬಿತು. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಎಂಬ ಮೊದಲ ಕನ್ನಡ ಪತ್ರಿಕೆ ತಂದದ್ದು. ಪ್ರತಿ ವರ್ಷ ಆ ದಿನ ನಾವು ಪತ್ರಿಕಾ ದಿನಾಚರಣೆ ಮಾಡುತ್ತೇವೆ. ನಿಮ್ಮ ಪ್ರಾರ್ಥನೆಗೂ ನಿಮ್ಮ ಕಸುಬಿಗೂ ಒಂದೇ ತವರುಮನೆ ಅಂತ ಡಿಪ್ಲೊಮಾ ಓದುವಾಗ ಗೆಳೆಯರು ತಮಾಷೆ ಮಾಡುತ್ತಿದ್ದರು.

ನಮ್ಮಲ್ಲಿ ಭಾನುವಾರದ ಆರಾಧನೆ ದೇವಾಲಯದಲ್ಲಿ, ಬುಧವಾರದ ಪ್ರಾರ್ಥನೆ ಮನೆಗಳಲ್ಲಿ. ಒಂದು ವಾರ ಒಬ್ಬರ ಮನೆ, ಮರುವಾರ ಇನ್ನೊಬ್ಬರ ಮನೆ. ಹದಿನೈದು ಇಪ್ಪತ್ತು ಜನ ಸೇರುತ್ತಾರೆ. ಹೊರಗೆ ಚಪ್ಪಲಿ, ಒಳಗೆ ಚಾಪೆ, ಜಮಖಾನೆ. ಒಂದೆರಡು ಕೀರ್ತನೆ, ಒಂದು ವಾಚನ, ಅದರ ಮೇಲೆ ಎರಡು ಮಾತು. ಆಮೇಲೆ ಸಭಾಪಾಲಕರು, "ಯಾರಿಗಾಗಿ ಪ್ರಾರ್ಥನೆ ಮಾಡೂಣು, ಹೇಳ್ರಿ" ಅನ್ನುತ್ತಾರೆ. ಆಗ ಒಬ್ಬೊಬ್ಬರಾಗಿ ಹೇಳುತ್ತಾರೆ. ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇದೆ. ಬೋರಿನ ನೀರು ಇಳಿದಿದೆ. ಉದ್ಯೋಗ ಖಾತ್ರಿ ಕೂಲಿ ಇನ್ನೂ ಬಂದಿಲ್ಲ. ತಮ್ಮ ಕುಡಿತ ಬಿಡುತ್ತಿಲ್ಲ. ಅತ್ತೆಯ ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಹೋಗಬೇಕು, ಬಸ್ಸಿನಲ್ಲಿ ಕೂಡಲು ಆಗುತ್ತಿಲ್ಲ.

ನಾವು ಜಿಲ್ಲಾ ಸುದ್ದಿ ಕಳಿಸುವವರು. ಈ ಪಟ್ಟಿ ಕೇಳುವಾಗ ಊರಿನ ನಿಜವಾದ ಸುದ್ದಿ ಇದೇ ಅನಿಸುತ್ತದೆ. ನಾವು ಕಳಿಸುವ ಸುದ್ದಿಯನ್ನು ಓದಿದವರು ಏನೂ ಮಾಡಬೇಕಿಲ್ಲ, ಮರುದಿನ ಬೇರೆ ಸುದ್ದಿ ಬರುತ್ತದೆ. ಬುಧವಾರದ ಸುದ್ದಿ ಹಾಗಲ್ಲ. ಅದನ್ನು ಕೇಳಿದವರೆಲ್ಲ ಅದಕ್ಕಾಗಿ ದೇವರ ಮುಂದೆ ಬಾಯಿ ತೆರೆಯುತ್ತಾರೆ. ಒಮ್ಮೆ ಬಾಯಿ ತೆರೆದ ಮೇಲೆ ಮುಂದಿನ ಬುಧವಾರ ಸುಮ್ಮನೆ ಕೂಡಲು ಆಗುವುದಿಲ್ಲ. "ಅತ್ತೀಗೆ ಈಗ ಹೆಂಗದರಿ?" ಅಂತ ಕೇಳಲೇಬೇಕಾಗುತ್ತದೆ. ಹೀಗೆ ಕೇಳುತ್ತ ಕೇಳುತ್ತ ಯಾರೋ ಒಬ್ಬರು, ಗುರುವಾರ ತಮ್ಮ ಗಾಡಿ ಹುಬ್ಬಳ್ಳಿಗೆ ಖಾಲಿ ಹೋಗುತ್ತದೆ ಎಂಬುದನ್ನು ನೆನಪಿಸಿಕೊಳ್ಳುತ್ತಾರೆ.

ಒಂದು ಘಟನೆ ಹೇಳಬೇಕು. ಅದರಲ್ಲಿದ್ದ ಅಕ್ಕ, "ಹೆಸರ ಹಾಕಬ್ಯಾಡ್ರಿ, ವಿಷಯ ಬರೀರಿ, ಇನ್ನೊಬ್ರಿಗೆ ಉಪಯೋಗ ಆಗಲಿ" ಅಂದಿದ್ದಾರೆ.

2025ರ ಆರಂಭ. ಕಿರುಸಾಲದ ವಸೂಲಿ ಕಿರುಕುಳದ ಸುದ್ದಿ ರಾಜ್ಯದ ಬೇರೆ ಬೇರೆ ಕಡೆಯಿಂದ ದಿನವೂ ಬರುತ್ತಿದ್ದ ಕಾಲ. ಆ ಫೆಬ್ರುವರಿಯಲ್ಲಿ ಸರಕಾರ ಇದನ್ನು ತಡೆಯಲು ಸುಗ್ರೀವಾಜ್ಞೆಯನ್ನೂ ಹೊರಡಿಸಿತು. ಈ ಅಕ್ಕ ಕೆಲವು ವಾರಗಳಿಂದ ಬುಧವಾರ ಒಂದೇ ಮಾತು ಹೇಳುತ್ತಿದ್ದರು: "ನಮ್ಮ ಮನಿ ಸಮಾಧಾನಕ್ಕ ಪ್ರಾರ್ಥನಿ ಮಾಡ್ರಿ." ನಾವೆಲ್ಲ ಮಾಡುತ್ತಿದ್ದೆವು. ಒಂದು ರಾತ್ರಿ ಆ ಮಾತು ಹೇಳಿದವರು ಅಲ್ಲಿಗೇ ನಿಲ್ಲಿಸಲಿಲ್ಲ. "ಮೂರು ಕಡೆ ಸಾಲ ಐತ್ರಿ. ಮನ್ಯಾಗ ಗೊತ್ತಿಲ್ಲ. ವಾರದ ಕಂತಿಗೆ ಬಂದವರು ಕಟ್ಟಿ ಮ್ಯಾಲ ಕೂತ್ರ ಏಳೂದಿಲ್ಲ. ಜೀವಾ ಬ್ಯಾಡಾಗೇತಿ" ಅಂದರು.

ಯಾರೂ ಮಾತಾಡಲಿಲ್ಲ. ಸಭಾಪಾಲಕರ ಮನೆಯವರು ಎದ್ದು ಹೋಗಿ ಅವರ ಪಕ್ಕ ಕೂತರು. ಆ ರಾತ್ರಿ ಪ್ರಾರ್ಥನೆ ಸಣ್ಣದಾಗಿತ್ತು. ಮುಗಿದ ಮೇಲೆ ಇಬ್ಬರು ಹೆಣ್ಣುಮಕ್ಕಳು ಅವರ ಜೊತೆಗೇ ಹೋಗಿ ಅಲ್ಲೇ ಮಲಗಿದರು. ಮರುದಿನ ಹಿರಿಯರೊಬ್ಬರು ಗಂಡನ ಹತ್ತಿರ ಸಮಾಧಾನದಿಂದ ಮಾತಾಡಿದರು. ನಿವೃತ್ತ ಮಾಸ್ತರರೊಬ್ಬರು ಸಾಲದ ಪುಸ್ತಕಗಳನ್ನೆಲ್ಲ ಒಂದು ಕಡೆ ಇಟ್ಟು ಲೆಕ್ಕ ಹಾಕಿದರು. ನಾಲ್ಕು ಜನ ಜೊತೆಗೆ ಹೋಗಿ ಕಂತಿನ ಮಾತುಕತೆ ಮಾಡಿಕೊಂಡು ಬಂದರು.

ಪ್ರಾರ್ಥನೆಯಿಂದ ಸಾಲ ಮನ್ನಾ ಆಗಲಿಲ್ಲ. ಅಕ್ಕ ಇವತ್ತಿಗೂ ಕಟ್ಟುತ್ತಿದ್ದಾರೆ. ಆದರೆ ಅವರು ಇದ್ದಾರೆ. ಈ ಮಾತನ್ನು ಅವರು ಬ್ಯಾಂಕಿನಲ್ಲಿ ಹೇಳಲು ಆಗುತ್ತಿರಲಿಲ್ಲ, ಪಂಚಾಯಿತಿ ಕಟ್ಟೆಯ ಮೇಲೆ ಹೇಳಲು ಆಗುತ್ತಿರಲಿಲ್ಲ, ತವರಿನಲ್ಲೂ ಹೇಳಿರಲಿಲ್ಲ. ದೇವರಿಗೆ ಹೇಳುವ ನೆಪದಲ್ಲಿ ಹದಿನೈದು ಜನರ ಮುಂದೆ ಹೇಳಿದರು. ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಹೇಳಿದ್ದರೂ ದೇವರು ಕೇಳುತ್ತಿದ್ದ, ಅನುಮಾನವಿಲ್ಲ. ನಾವು ಕೇಳುತ್ತಿರಲಿಲ್ಲ.

ಜಿಲ್ಲಾ ಪುಟದಲ್ಲಿ 'ಪ್ರಾರ್ಥನೆ' ಎಂಬ ಪದ ಹೆಚ್ಚಾಗಿ ಬರುವುದು ಎರಡು ಸಲ: ಕ್ರಿಸ್ಮಸ್ ಫೋಟೊದ ಕೆಳಗೆ, ಇಲ್ಲವೆ ಎಲ್ಲೋ ಗಲಾಟೆಯಾಗಿ ದೂರು ದಾಖಲಾದಾಗ. ನಡುವಿನ ಬುಧವಾರಗಳಲ್ಲಿ ಏನು ನಡೆಯುತ್ತದೆ ಎಂಬುದು ಸುದ್ದಿಯಾಗುವುದಿಲ್ಲ. ಆದ್ದರಿಂದ ಪಕ್ಕದ ಓಣಿಯವರಿಗೂ, ಈ ಮಂದಿ ಬಾಗಿಲೊಳಗೆ ಕೂತು ಏನು ಮಾಡುತ್ತಾರೆ ಎಂಬ ಸಂಶಯ. ಮಾಡುವುದು ಇಷ್ಟೇ. ಒಬ್ಬರ ಕಷ್ಟ ಇನ್ನೊಬ್ಬರು ಕೇಳಿಸಿಕೊಂಡು, ಅದನ್ನು ದೇವರಿಗೆ ಒಪ್ಪಿಸಿ, ಚಹಾ ಕುಡಿದು ಮನೆಗೆ ಹೋಗುತ್ತಾರೆ.

ಇನ್ನೊಂದು ಸಂಗತಿ ನಮ್ಮ ಮನೆಯದೇ. ನಮ್ಮ ಅವ್ವ ತೀರಿಕೊಂಡ ವರ್ಷ ಅಪ್ಪನಿಗೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಚಿಕ್ಕಂದಿನಿಂದ ಸಭೆಯಲ್ಲಿ ಗಟ್ಟಿ ದನಿಯಲ್ಲಿ ಪ್ರಾರ್ಥಿಸುತ್ತಿದ್ದ ಮನುಷ್ಯ. ಯಾರಾದರೂ ಕೇಳಿದರೆ, "ನೀವ ಮಾಡ್ರಿ, ನಾ ಕೂತಿರ್ತೇನಿ" ಅನ್ನುತ್ತಿದ್ದರು. ಯಾರೂ ಒತ್ತಾಯ ಮಾಡಲಿಲ್ಲ, ಯಾರೂ ವಿಶ್ವಾಸ ಕಡಿಮೆಯಾಯಿತು ಅಂತ ಬೋಧನೆ ಮಾಡಲಿಲ್ಲ. ಬುಧವಾರ ಬಂದರೆ ಒಬ್ಬರು ಬಂದು ಕರೆದುಕೊಂಡು ಹೋಗುತ್ತಿದ್ದರು. ಅವರು ಗೋಡೆಗೆ ಒರಗಿ ಕೂಡುತ್ತಿದ್ದರು.

ಪ್ರಾರ್ಥನೆಯ ಕೊನೆಗೆ ಎಲ್ಲರೂ ಕೂಡಿ ಕರ್ತನ ಪ್ರಾರ್ಥನೆ ಹೇಳುವುದು ಪದ್ಧತಿ. ಹಲವು ತಿಂಗಳ ನಂತರ ಒಂದು ರಾತ್ರಿ ಅಪ್ಪನ ತುಟಿ ಅಲುಗಿದ್ದನ್ನು ನಾವು ನೋಡಿದೆವು. ದನಿ ಇರಲಿಲ್ಲ. ಉಳಿದವರ ದನಿ ಅವರನ್ನು ಎತ್ತಿಕೊಂಡು ಹೋಗುತ್ತಿತ್ತು. ಬಂಡಿಯನ್ನು ಒಂದು ಎತ್ತು ಎಳೆಯಲಾಗದಾಗ ಜೋಡಿ ಎತ್ತು ಭಾರ ತೆಗೆದುಕೊಳ್ಳುವುದನ್ನು ನೀವೂ ನೋಡಿದ್ದೀರಿ. ಆ ರಾತ್ರಿ ನಡೆದದ್ದು ಅದು. ಅಪ್ಪ ಒಬ್ಬರೇ ಮನೆಯಲ್ಲಿದ್ದಿದ್ದರೆ ಆ ಮೌನ ಯಾವಾಗ ಮುಗಿಯುತ್ತಿತ್ತೋ.

ಕರ್ತನ ಪ್ರಾರ್ಥನೆಯಲ್ಲಿ ಒಂದು ವಿಶೇಷ ಇದೆ. ಯೇಸುಸ್ವಾಮಿ ಶಿಷ್ಯರಿಗೆ ಕಲಿಸಿದ ಈ ಪ್ರಾರ್ಥನೆಯಲ್ಲಿ 'ನಾನು', 'ನನ್ನ' ಎಂಬ ಪದವೇ ಇಲ್ಲ. ತಂದೆಯನ್ನು ಕರೆಯುವುದರಿಂದ ಹಿಡಿದು ರೊಟ್ಟಿ ಕೇಳುವವರೆಗೆ, ತಪ್ಪಿಗೆ ಕ್ಷಮೆ ಬೇಡುವವರೆಗೆ ಎಲ್ಲವೂ 'ನಮ್ಮ', 'ನಮಗೆ'. ಬಾಗಿಲು ಹಾಕಿಕೊಂಡು ಒಬ್ಬರೇ ಹೇಳಿದರೂ ಅದನ್ನು 'ನಮ್ಮ' ಅಂತಲೇ ಹೇಳಬೇಕು. ನಮಗೆ ಇವತ್ತು ಊಟ ಆಗಿದ್ದರೂ, ಊಟ ಇಲ್ಲದವರ ಜೊತೆ ಸೇರಿ ಕೇಳಿದ ಹಾಗೆ. ಕೋಣೆ ಮತ್ತು ಸಭೆ ಒಂದಕ್ಕೊಂದು ವಿರುದ್ಧ ಅಲ್ಲ ಎಂಬುದಕ್ಕೆ ನಮಗೆ ಇಷ್ಟು ಸಾಕು.

ಫೋನಿನಲ್ಲಿ ಆಗುವುದಿಲ್ಲವೇ ಎಂದು ಕೇಳಬಹುದು. ಅದನ್ನೂ ಮಾಡಿ ನೋಡಿದ್ದೇವೆ. 2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಲಾಕ್‌ಡೌನ್ ಬಂತು. ಏಪ್ರಿಲ್ 10ಕ್ಕೆ ಶುಭ ಶುಕ್ರವಾರ, 12ಕ್ಕೆ ಈಸ್ಟರ್. ದೇವಾಲಯಕ್ಕೆ ಬೀಗ. ಹಬ್ಬದ ಪ್ರಾರ್ಥನೆಯನ್ನು ಫೋನಿನಲ್ಲಿ ಮಾಡಿದೆವು. ಬೆಂಗಳೂರಿನಲ್ಲಿ ಸಿಕ್ಕಿಕೊಂಡಿದ್ದ ಮಕ್ಕಳು ಮುಖ ತೋರಿಸಿದರು, ಹಾಸಿಗೆ ಹಿಡಿದ ಅಜ್ಜಿಗೂ ಹಾಡು ಕೇಳಿಸಿತು. ಅದು ದೊಡ್ಡ ಉಪಕಾರವೇ.

ಆದರೆ ಕರ್ತನ ಪ್ರಾರ್ಥನೆ ಬಂದಾಗ ತೊಡಕಾಯಿತು. ಒಬ್ಬರ ದನಿ ಮುಂದೆ, ಇನ್ನೊಬ್ಬರದು ಹಿಂದೆ, ನಡುವೆ ಒಬ್ಬರ ಮನೆಯ ಮಿಕ್ಸರ್ ಸದ್ದು. ಕೊನೆಗೆ, "ಎಲ್ಲಾರೂ ಮ್ಯೂಟ್ ಮಾಡ್ರಿ, ಒಬ್ರ ಹೇಳ್ತೀವಿ" ಅನ್ನಬೇಕಾಯಿತು. ಕೂಡಿ ಹೇಳಬೇಕಾದದ್ದನ್ನು ಬಾಯಿ ಮುಚ್ಚಿಕೊಂಡು ಕೇಳಿದೆವು. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗೆ ಅದೂ ಇರಲಿಲ್ಲ. ಜೂನ್ 8ರಿಂದ ಪ್ರಾರ್ಥನಾ ಸ್ಥಳ ತೆರೆಯಲು ಅವಕಾಶ ಸಿಕ್ಕಿತು. ಮಾಸ್ಕ್ ಹಾಕಿಕೊಂಡು, ದೂರ ದೂರ ಕೂತು, ಮೊದಲ ಸಲ ಎಲ್ಲರೂ ಒಟ್ಟಿಗೆ 'ಆಮೆನ್' ಅಂದಾಗ ಹಿರಿಯರು ಕೆಲವರು ಕಣ್ಣೊರೆಸಿಕೊಂಡರು.

ಕೂಡಿ ಪ್ರಾರ್ಥಿಸುವುದರಲ್ಲಿ ಕೆಡುಕು ನುಸುಳುವುದಿಲ್ಲವೆಂದಲ್ಲ. ಪ್ರಾರ್ಥನೆಯ ಹೆಸರಿನಲ್ಲಿ ಇನ್ನೊಬ್ಬರ ಮನೆಯ ಗುಟ್ಟು ಹೊರಬೀಳುವುದುಂಟು. ಆಗದವರಿಗೆ ಬುದ್ಧಿ ಹೇಳಲು ದೇವರನ್ನು ನೆಪ ಮಾಡಿಕೊಳ್ಳುವವರಿದ್ದಾರೆ. ಅರ್ಧ ತಾಸು ಉದ್ದದ ಪ್ರಾರ್ಥನೆ ಮಾಡಿ ಮಕ್ಕಳನ್ನು ನಿದ್ದೆಗೆ ಹಚ್ಚುವವರೂ ಇದ್ದಾರೆ. ಅದಕ್ಕೆ ನಮ್ಮ ಗುಂಪಿನಲ್ಲಿ ಮೂರು ಕಟ್ಟಳೆ ಮಾಡಿಕೊಂಡಿದ್ದೇವೆ. ತಮ್ಮ ಕಷ್ಟವನ್ನು ಮಾತ್ರ ಹೇಳಬೇಕು, ಇನ್ನೊಬ್ಬರದನ್ನು ಅವರು ಒಪ್ಪಿದರೆ ಹೇಳಬೇಕು. ಅಲ್ಲಿ ಕೇಳಿದ್ದು ಬಾವಿಕಟ್ಟೆಗೆ ಹೋಗಬಾರದು. ಪ್ರಾರ್ಥನೆ ಮಾಡಿದೆವು ಅಂತ ಯಾರೂ ಮಾತ್ರೆ ಬಿಡಬಾರದು, ಡಾಕ್ಟರ ಹತ್ತಿರ ಹೋಗುವುದನ್ನು ನಿಲ್ಲಿಸಬಾರದು.

ಕೂಡಿ ಪ್ರಾರ್ಥಿಸುವ ಅಭ್ಯಾಸ ಊರಿನ ಗಡಿಯಲ್ಲೇ ನಿಲ್ಲುವುದೂ ಇಲ್ಲ. ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ. ಇದನ್ನು ನಡೆಸುವವರು ಹೆಣ್ಣುಮಕ್ಕಳು. ಪ್ರತಿ ವರ್ಷ ಒಂದು ದೇಶದ ಕ್ರೈಸ್ತ ಮಹಿಳೆಯರು ಪ್ರಾರ್ಥನೆಯ ಕ್ರಮವನ್ನು ಬರೆಯುತ್ತಾರೆ, ಬೇರೆ ಬೇರೆ ದೇಶಗಳಲ್ಲಿ ಅದನ್ನೇ ಹೇಳುತ್ತಾರೆ. 2025ರಲ್ಲಿ ಬರೆದವರು ಪೆಸಿಫಿಕ್ ಸಾಗರದ ಕುಕ್ ದ್ವೀಪಗಳವರು. ಸಮುದ್ರವನ್ನೇ ನೋಡದ ನಮ್ಮೂರಿನ ಅಜ್ಜಿಯೊಬ್ಬರು ಅವತ್ತು, "ಆ ಮಂದಿ ಸುತ್ತ ಬರೇ ನೀರಂತ, ನಮಗ ನೀರಿಲ್ಲ, ಇಬ್ಬರಿಗೂ ದೇವ್ರು ತಕ್ಕಷ್ಟು ಕೊಡ್ಲಿ" ಅಂತ ಪ್ರಾರ್ಥನೆ ಮಾಡಿದರು.

ಇದು ಕ್ರೈಸ್ತರಿಗೆ ಮಾತ್ರ ಗೊತ್ತಿರುವ ವಿಷಯವೂ ಅಲ್ಲ. ನಿಮ್ಮೂರಿನ ಭಜನಾ ಸಂಘದಲ್ಲಿ, ಶ್ರಾವಣದ ಪುರಾಣದಲ್ಲಿ, ಮಸೀದಿಯ ಸಾಲಿನಲ್ಲಿ ಕೂತವರಿಗೂ, ನಿಂತವರಿಗೂ ಇದರ ರುಚಿ ಗೊತ್ತು. ನಮ್ಮ ಸುಗ್ಗಿ ಹಬ್ಬಕ್ಕೆ ಪಕ್ಕದ ಓಣಿಯವರು ಒಂದು ಸೇರು ಜೋಳ, ನಾಲ್ಕು ಉಳ್ಳಾಗಡ್ಡಿ ತಂದಿಟ್ಟು, "ನಮ್ಮ ಹೆಸರೂ ಹೇಳ್ರಿ" ಅಂದು ಹೋಗುತ್ತಾರೆ. ಹೇಳುತ್ತೇವೆ.

ಪ್ರಶ್ನೆ ಕೇಳುವ ಹುಡುಗರಿಗೆ ನಮ್ಮದು ಒಂದೇ ಮಾತು. ನಂಬಿಕೆ ಗಟ್ಟಿಯಾಗಲಿ, ಆಮೇಲೆ ಬರುತ್ತೇವೆ ಅಂತ ಕಾಯಬೇಡಿ. ಬಾಯಿಗೆ ಮಾತು ಬರದಿದ್ದರೆ ಹೇಳುವವರು ಬೇರೆ ಇದ್ದಾರೆ. ಮುಂದಿನ ಬುಧವಾರ ಡಯಾಲಿಸಿಸ್‌ನ ಅತ್ತೆಯ ಮನೆಯಲ್ಲಿ ಪ್ರಾರ್ಥನೆ. ಅವರಿಗೆ ಈಗ ಹೊರಗೆ ಬರಲು ಆಗುವುದಿಲ್ಲ, ಅದಕ್ಕೆ ನಾವೇ ಅಲ್ಲಿಗೆ ಹೋಗುತ್ತೇವೆ. ಎಂಟು ಗಂಟೆಗೆ.