ಮೆಂತಿ ಹೊಲಿಗೆಯ ತೇರು

ಕ್ರಾಸ್ ಸ್ಟಿಚ್ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೊಸದಲ್ಲ. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿವೆಯಷ್ಟೆ. ಅವುಗಳಲ್ಲಿ ಮೆಂತಿಯೇ ಈ ಕ್ರಾಸ್ ಸ್ಟಿಚ್. ಹೊಸದೆಂದರೆ ಹೊಲಿದ ಬಟ್ಟೆಯನ್ನು ಬಿಟ್ಟು ಹೊಲಿಯುವ ನಕ್ಷೆಯನ್ನೇ ಮಾರುವುದು. ನನ್ನ ತಮ್ಮನ ಮಗಳು ಕೆಲವು ವರ್ಷಗಳಿಂದ ಈ ಉದ್ಯೋಗವನ್ನು ಕೈಗೊಂಡಿದ್ದಾಳೆ. ಗಣಿತ ಕಲಿಸಿದ ಅತ್ತೆಯೆಂದು ಪ್ರತಿ ನಕ್ಷೆಯೂ ಮೊದಲು ನನ್ನಲ್ಲಿಗೆ ತಿದ್ದುಪಡಿಗೆ ಬರುತ್ತದೆ. ಗ್ರಾಫ್ ಕಾಗದ ಕಂಡರೆ ಮುಖ ಸಿಂಡರಿಸುತ್ತಿದ್ದ ನನ್ನ ವಿದ್ಯಾರ್ಥಿಗಳು ಇದನ್ನೋದಿ ನಗಬಹುದು!

ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸುತ್ತಲೇ ಹೊಲಿಯಬೇಕು. ಹಿರಿಯರು ಪಕ್ಕದಲ್ಲಿ ಕುಳಿತು ತೋರಿಸುತ್ತಿದ್ದರು. ನಕ್ಷೆ ಕೊಂಡವಳ ಪಕ್ಕದಲ್ಲಿ ಯಾರಿರುತ್ತಾರೆ? ಆದ್ದರಿಂದ ಎಲ್ಲವನ್ನೂ ಕಾಗದವೇ ಹೇಳಬೇಕು. ಒಂದು ಚೌಕಕ್ಕೆ ಒಂದು ಹೊಲಿಗೆ, ಹತ್ತು ಚೌಕಕ್ಕೊಂದು ದಪ್ಪ ಗೆರೆ, ಬಣ್ಣಕ್ಕೊಂದು ಚಿಹ್ನೆ. ಕಪ್ಪು-ಬಿಳುಪಿನಲ್ಲಿ ಮುದ್ರಿಸಿದರೂ ಓದಲು ಬರಬೇಕಾದ್ದರಿಂದ ಹೋಲುವ ಚಿಹ್ನೆಗಳು ಅಕ್ಕಪಕ್ಕ ಬರಕೂಡದು. 140 ಚೌಕ ಅಗಲದ ಚಿತ್ರ 14 ಕೌಂಟಿನ ಆಯ್ಡಾ ಬಟ್ಟೆಯಲ್ಲಿ 10 ಅಂಗುಲ. 18 ಕೌಂಟಿನಲ್ಲಿ 8 ಅಂಗುಲಕ್ಕೂ ತುಸು ಕಡಿಮೆ. ಈ ಲೆಕ್ಕ ಬರೆಯದಿದ್ದರೆ ಕೊಂಡವಳ ಬಟ್ಟೆ ಸಾಲದೆ ಹೋಗುತ್ತದೆ. ಮಾರುವ ಮುನ್ನ ತಾನೇ ಒಮ್ಮೆ ಹೊಲಿದು, ಆ ಬಟ್ಟೆಯದೇ ಛಾಯಾಚಿತ್ರ ಹಾಕುತ್ತಾಳೆ. ಗಣಕಯಂತ್ರ ತೋರಿಸುವ ಚಿತ್ರದಲ್ಲಿ ದಾರ ತೊಡಕುವುದೂ ಇಲ್ಲ, ಬಣ್ಣ ಮಂಕಾಗುವುದೂ ಇಲ್ಲ. ಅದನ್ನು ನಂಬಿ ಹಣ ಕೊಡುವುದು ಹೇಗೆ?

ನಮ್ಮಿಬ್ಬರಲ್ಲಿ ಚರ್ಚೆಯೆದ್ದದ್ದು ತೇರಿನ ನಕ್ಷೆಯ ವಿಷಯದಲ್ಲಿ. ನನ್ನ ತಾಯಿಯ ಚಂದ್ರಕಾಳಿ ಸೀರೆಯ ಸೆರಗಿನಲ್ಲಿದ್ದ ತೇರನ್ನು ನೋಡಿ ಬರೆದು, ಕೆಳಗೆ 'ಸ್ವಂತ ವಿನ್ಯಾಸ' ಎಂದು ಹೆಸರು ಹಾಕಿದ್ದಳು. ನಾನು ಒಪ್ಪಲಿಲ್ಲ.

"ಅತ್ತಿ, ಮೂರು ವಾರ ಕೂತು ನಾನs ಬರದೀನಿ. ನನ್ನ ಹೆಸರು ಹಾಕಿದ್ರ ತಪ್ಪೇನು?" ಎಂದಳು.

ಅವಳ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಗವಂತಿಯ ಓರೆ ಗೆರೆ ಚೌಕಕ್ಕೆ ಇಳಿದಾಗ ಮೆಟ್ಟಿಲಾಗುತ್ತದೆ. ಸೆರಗಿನ ತೇರನ್ನು ಹಾಗೆಯೇ ಎತ್ತಿಟ್ಟಿದ್ದರೆ ಗೋಡೆಯಂತೆ ಕಾಣುತ್ತಿತ್ತು. ಶಿಖರವನ್ನು ಎತ್ತರಿಸಿ, ಅಂಚಿಗೆ ಬ್ಯಾಕ್ ಸ್ಟಿಚ್ ಕೊಟ್ಟು, ಎರಡೂ ಬದಿಗೆ ಆನೆ ನಿಲ್ಲಿಸಿದವಳು ಅವಳೇ. ಆ ಶ್ರಮಕ್ಕೆ ಬೆಲೆ ಪಡೆಯುವುದು ನ್ಯಾಯ. ಆದರೆ ತೇರು ಅವಳದಲ್ಲ; ನನ್ನ ತಾಯಿಯದೂ ಅಲ್ಲ, ಅವರಿಗೂ ಯಾರೋ ಹೇಳಿಕೊಟ್ಟದ್ದು. ಹೆಸರಿಲ್ಲದ ಆ ಹೆಂಗಸರು ಬಂದು ಕೇಳುವುದಿಲ್ಲವೆಂದು ನಾವು ಬಿಟ್ಟುಬಿಡಬಹುದೇ?

ಎರಡು ದಿನ ಮಾತಿಲ್ಲ. ಮೂರನೆಯ ದಿನ ತಿದ್ದಿದ ಹಾಳೆ ಬಂತು: 'ಮೂಲ: ಧಾರವಾಡ ಸೀಮೆಯ ಸಾಂಪ್ರದಾಯಿಕ ಕಸೂತಿಯ ತೇರು. ಮರುಜೋಡಣೆ, ಆನೆಗಳ ಸೇರ್ಪಡೆ, ಬಣ್ಣಗಳ ಆಯ್ಕೆ ನನ್ನವು.' ಬೆಲೆಯನ್ನು ಕಡಿಮೆ ಮಾಡಿರಲಿಲ್ಲ. ಮಾಡಬಾರದೆಂದೇ ನಾನೂ ಹೇಳಿದೆ.

ಈಗ ಹಿತ್ತಲಿನ ನುಗ್ಗೆಯ ಮರವನ್ನು ಬರೆಯುತ್ತಿದ್ದಾಳೆ. ನಾನು ಕಂಡ ಯಾವ ಸೆರಗಿನಲ್ಲಿಯೂ ಅದು ಇರಲಿಲ್ಲ. ಅಷ್ಟು ಸಣ್ಣ ಎಲೆ ಚೌಕಕ್ಕೆ ಸಿಕ್ಕುತ್ತಿಲ್ಲವೆಂದು ನಿನ್ನೆ ಮೂರನೆಯ ಬಾರಿ ಅಳಿಸಿ ಹಾಕಿದಳು.